ಮುಖದ ಸರ್ಜರಿ ಶೋಕಿಯಲ್ಲ, ಆದರೆ ಸಾಲ ಮಾಡುವ ಮುಂಚೆ ಇದನ್ನು ಓದಿ

ಸಂಪಾದಕರಿಗೆ ನಮಸ್ಕಾರ.

ಟ್ರಾನ್ಸ್‌ಜೆಂಡರ್ ಮಹಿಳೆಯರು ಮುಖದ ಮೂಳೆ ತಿದ್ದಿಸಿಕೊಳ್ಳುವ ಸರ್ಜರಿ ಬಗ್ಗೆ ನಿಮ್ಮ ಓದುಗರೊಬ್ಬರು ಬರೆದ ಪತ್ರ ಓದಿದೆ. ಸಿಗ್ನಲ್‌ನಲ್ಲಿ ಕೈ ಚಾಚುವವರಿಗೆ ಲಕ್ಷಗಟ್ಟಲೆ ಸುರಿದು ಚೆಂದ ಕಾಣುವ ಶೋಕಿ ಯಾಕೆ, ಅದಕ್ಕೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಅನ್ನುವುದು ಅವರ ಪ್ರಶ್ನೆ. ಕೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ನಮ್ಮವರಲ್ಲೂ ಈ ಪ್ರಶ್ನೆ ಇದೆ, ಕೇಳುವ ರೀತಿ ಮಾತ್ರ ಬೇರೆ. ಚಿಕ್ಕ ವಯಸ್ಸಿನ ಹುಡುಗಿಯರು ಫೋನ್ ಮಾಡಿ, "ಮಾಡಿಸಿಕೊಂಡರೆ ಉಪಯೋಗ ಇದೆಯಾ ಅಕ್ಕ, ಅಷ್ಟು ದುಡ್ಡು ಹಾಕಬಹುದಾ?" ಅಂತ ಕೇಳುತ್ತಾರೆ. ನಾನು ಮಾಡಿಸಿಕೊಂಡವಳು. ಹಣೆ ಮತ್ತು ಗಂಟಲಿನ ಗಂಟು (ಗಂಡಸರ ಕುತ್ತಿಗೆಯಲ್ಲಿ ಉಬ್ಬಿ ಕಾಣುತ್ತದಲ್ಲ, ಅದು), ಎರಡು ಮಾತ್ರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ ನನ್ನದು, ಊರು ತಿಪಟೂರು ಕಡೆ. ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾದರೂ ದಯವಿಟ್ಟು ಕತ್ತರಿಸಬೇಡಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮುಖದ ಮೂಳೆಯಿಂದಲೇ ದಿನದ ಬದುಕು ಕಷ್ಟವಾಗಿರುವವರಿಗೆ ಈ ಸರ್ಜರಿ ತುಂಬಾ ಉಪಯೋಗ. ಆದರೆ ಎಲ್ಲರಿಗೂ ಇದು ಬೇಕಿಲ್ಲ. ಬೇಕಾದವರೂ ಬೇರೆ ದಾರಿಗಳೆಲ್ಲ ನೋಡಿದ ಮೇಲೆ ಇದಕ್ಕೆ ಬರಬೇಕು. ಮೀಟರ್ ಬಡ್ಡಿಗೆ ಸಾಲ ತಂದು ಮಾಡಿಸಿಕೊಳ್ಳುವ ಪರಿಸ್ಥಿತಿ ಯಾರಿಗೂ ಬರಬಾರದು, ಅದಕ್ಕೇ ಸರ್ಕಾರ ಮತ್ತು ವಿಮೆ ಕಂಪನಿಗಳು ಇದರಲ್ಲಿ ಬರಬೇಕು ಅನ್ನುತ್ತಿದ್ದೇನೆ.

ಮೂಳೆಯ ವಿಷಯ ಯಾಕೆ ಬಂತು ಅಂದರೆ, ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನ್ ಮಾಡುವ ಕೆಲಸ ಅಂಥದ್ದು. ಹುಬ್ಬಿನ ಮೇಲೆ ಮೂಳೆ ದಿಣ್ಣೆ ಕಟ್ಟುತ್ತದೆ. ದವಡೆಯ ಮೂಲೆ ಅಗಲವಾಗುತ್ತದೆ, ಗಲ್ಲ ದಪ್ಪವಾಗುತ್ತದೆ, ಗಂಟಲಿನ ಗಂಟು ಮುಂದೆ ಬರುತ್ತದೆ, ಆಮೇಲೆ ವರ್ಷ ಕಳೆದಂತೆ ಹಣೆಯ ಎರಡು ಮೂಲೆಯಲ್ಲಿ ಕೂದಲು ಹಿಂದೆ ಸರಿಯುತ್ತದೆ. ಮುಂದೆ ಎಷ್ಟೇ ವರ್ಷ ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜನ್ ಮಾತ್ರೆ ನುಂಗಿದರೂ ಚರ್ಮ ಮೃದುವಾಗಬಹುದು, ಕೆನ್ನೆಗೆ ಸ್ವಲ್ಪ ಕೊಬ್ಬು ಬರಬಹುದು, ಬೆಳೆದ ಮೂಳೆ ಮಾತ್ರ ಹಿಂದೆ ಹೋಗುವುದಿಲ್ಲ. ಗಡ್ಡವೂ ಹೋಗುವುದಿಲ್ಲ, ಒಡೆದ ಧ್ವನಿಯೂ ಮೊದಲಿನಂತಾಗುವುದಿಲ್ಲ.

ಸರಿ, ಮೂಳೆ ಇದ್ದರೆ ಇರಲಿ ಬಿಡಿ, ಅದರಿಂದ ಏನಾಗುತ್ತದೆ ಅಂತ ನೀವು ಕೇಳಬಹುದು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವುದನ್ನೇ ನೋಡಿ. ಫೋನಿನಲ್ಲಿ, ವಾಟ್ಸ್ಆಪ್‌ನಲ್ಲಿ ಎಲ್ಲ ಮಾತಾಡಿ ಅಡ್ವಾನ್ಸ್ ತೆಗೆದುಕೊಂಡು ಹೋಗಿ ಗೇಟಿನಲ್ಲಿ ನಿಂತರೆ ಓನರ್ ಆಂಟಿ ಒಂದು ಸಲ ಮುಖ ನೋಡುತ್ತಾರೆ, ನಿನ್ನೆ ರಾತ್ರಿ ಬೇರೆಯವರಿಗೆ ಆಗಿಹೋಯಿತು ಅನ್ನುತ್ತಾರೆ. ಮೆಟ್ರೋದಲ್ಲಿ ಹೆಂಗಸರ ತಪಾಸಣೆ ಸಾಲಿನಲ್ಲಿ ನಿಂತರೆ ಹಿಂದಿದ್ದವರು ದೂರ ಸರಿಯುತ್ತಾರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ನಮಗೂ ಉಚಿತ ಟಿಕೆಟ್ ಇದೆ, ಅದಕ್ಕೆ ನಾನು ಕೃತಜ್ಞಳು. ಆದರೆ ಕಂಡಕ್ಟರ್ ಟಿಕೆಟ್ ಹರಿಯುವ ಮುಂಚೆ ಮುಖವನ್ನು ಎರಡು ಸಲ ನೋಡಿದಾಗ ಬಸ್ಸಿನಲ್ಲಿರುವ ಅಷ್ಟೂ ಜನ ತಿರುಗಿ ನೋಡುತ್ತಾರೆ. ರಾತ್ರಿ ಹೊತ್ತು ಬಸ್ ಸ್ಟಾಪಿನಲ್ಲಿ ಆ ನೋಟಕ್ಕೆ ಭಯಪಡಲೇಬೇಕು, ಏಕೆಂದರೆ ನೋಟ ನೋಟವಾಗಿ ಉಳಿಯುವುದಿಲ್ಲ. ಸೀರೆ, ಚೂಡಿದಾರ, ಕುಂಕುಮ, ಬಳೆ ಎಲ್ಲ ಆಮೇಲೆ ನೋಡುತ್ತಾರೆ. ಅಪರಿಚಿತರ ಕಣ್ಣು ಮೊದಲು ಹೋಗುವುದು ಹುಬ್ಬು, ದವಡೆ, ಗಂಟಲಿನ ಮೇಲೆ. ಎಷ್ಟು ಜನ ಈ ಕಾರಣಕ್ಕೇ ಕೆಲಸದ ಸಂದರ್ಶನಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ ಅನ್ನುವುದು ನಮ್ಮ ನಡುವೆ ಇದ್ದವರಿಗೆ ಗೊತ್ತು. ರಾಜ್ಯ ಸರ್ಕಾರ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ನಮಗೆ ಶೇ 1 ಮೀಸಲಾತಿ ಕೊಟ್ಟಿತು. ತುಂಬಾ ಒಳ್ಳೆಯ ಕೆಲಸ. ಆದರೆ ಪರೀಕ್ಷೆಯ ಹಾಲ್‌ಗೆ ಹೋಗಲೂ ಹೆದರುವವಳಿಗೆ ಆ ಶೇ 1 ತಲುಪುವುದು ಹೇಗೆ?

ಈ ಸರ್ಜರಿ ಈಗ ಬಂದ ಹೊಸ ಫ್ಯಾಷನ್ ಅಂತ ಅಂದುಕೊಂಡವರೂ ಇದ್ದಾರೆ. ಇದಕ್ಕೆ ನಲವತ್ತು ವರ್ಷದ ಮೇಲಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಡಗ್ಲಸ್ ಔಸ್ಟರ್‌ಹೌಟ್ ಅನ್ನುವ ಸರ್ಜನ್ 1980ರ ದಶಕದ ಮೊದಲಲ್ಲಿ ಇದನ್ನು ಶುರು ಮಾಡಿದರು. ಅವರು ಮುಖ್ಯವಾಗಿ ಹುಟ್ಟಿನಿಂದ ತಲೆಬುರುಡೆ, ಮುಖದ ಮೂಳೆ ಸೊಟ್ಟಗಿರುವ ಮಕ್ಕಳಿಗೆ ಆಪರೇಷನ್ ಮಾಡುತ್ತಿದ್ದವರು. ಟ್ರಾನ್ಸ್ ಮಹಿಳೆಯೊಬ್ಬರ ಮುಖಕ್ಕೆ ಏನಾದರೂ ಮಾಡಬಹುದಾ ಅನ್ನುವ ಪ್ರಶ್ನೆ ಬಂದಾಗ ಗಂಡು ಹೆಣ್ಣಿನ ತಲೆಬುರುಡೆಗಳ ಸಂಗ್ರಹ ತೆಗೆದು ಕೂತು, ವ್ಯತ್ಯಾಸ ನಿಜಕ್ಕೂ ಎಲ್ಲಿದೆ ಅಂತ ಅಳೆದು ನೋಡಿದರು. ಹಣೆಯಲ್ಲಿ ಅಷ್ಟು ವ್ಯತ್ಯಾಸ ಇದೆ ಅನ್ನುವುದು ಅಲ್ಲಿಂದ ಬಂದದ್ದು. ಜನ ಮೂಗು, ತುಟಿ ಅಂತ ಯೋಚಿಸುತ್ತಾರೆ, ಆದರೆ ಹುಬ್ಬಿನ ದಿಣ್ಣೆ ಮತ್ತು ಕಣ್ಣಿನ ಗೂಡಿನ ಮೇಲಂಚು ಮುಖವನ್ನು ತುಂಬಾ ಬದಲಿಸುತ್ತವೆ.

ಹಣೆಯ ಆಪರೇಷನ್ ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಬ್ಯೂಟಿ ಪಾರ್ಲರ್ ಲೆಕ್ಕದಲ್ಲಿ ನೋಡುವವರು ಜಾಸ್ತಿ. ಕೂದಲ ಅಂಚಿನಲ್ಲಿ ಅಥವಾ ಕೂದಲ ಒಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚರ್ಮ ಸೀಳಿ, ಹಣೆಯ ಚರ್ಮವನ್ನು ಕಣ್ಣಿನವರೆಗೆ ಕೆಳಗೆ ಇಳಿಸುತ್ತಾರೆ. ಹುಬ್ಬಿನ ದಿಣ್ಣೆಯ ಹಿಂದೆ ಸೈನಸ್ ಅನ್ನುವ ಗಾಳಿ ತುಂಬಿದ ಪೊಳ್ಳು ಜಾಗ ಇರುತ್ತದೆ. ಅದರ ಮುಂದಿನ ಗೋಡೆ ದಪ್ಪ ಇದ್ದರೆ ಉಜ್ಜಿ ಇಳಿಸಿದರೆ ಸಾಕು. ತೆಳ್ಳಗಿದ್ದು ಮುಂದೆ ಉಬ್ಬಿದ್ದರೆ ಆ ಮೂಳೆಯ ತುಂಡನ್ನೇ ಕತ್ತರಿಸಿ ತೆಗೆದು, ಆಕಾರ ತಿದ್ದಿ, ಹಿಂದೆ ಸರಿಸಿ ಟೈಟಾನಿಯಂ ಪ್ಲೇಟು, ಸ್ಕ್ರೂ ಹಾಕಿ ಕೂರಿಸುತ್ತಾರೆ. ಯಾರಿಗೆ ಯಾವುದು ಅನ್ನುವುದು ಸಿ.ಟಿ. ಸ್ಕ್ಯಾನ್ ನೋಡದೆ ಹೇಳಲು ಆಗುವುದಿಲ್ಲ. ದವಡೆಯಾದರೆ ಬಾಯಿಯ ಒಳಗಿನಿಂದ ಕೊಯ್ಯುತ್ತಾರೆ, ಹೊರಗೆ ಗಾಯ ಕಾಣುವುದಿಲ್ಲ, ಆದರೆ ಕೆಳತುಟಿಗೆ ಹೋಗುವ ನರ ಅಲ್ಲೇ ಪಕ್ಕದಲ್ಲಿ ಇರುತ್ತದೆ. ಅದಕ್ಕೆ ಏಟಾದರೆ ತುಟಿ, ಗಲ್ಲ ಮರಗಟ್ಟುತ್ತದೆ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಯಾವಾಗಲೂ. ಗಂಟಲಿನ ಗಂಟನ್ನು ಜಾಸ್ತಿ ಕೆರೆದರೆ ಒಳಗೆ ಧ್ವನಿ ತಂತುಗಳು ಅಂಟಿಕೊಂಡಿರುವ ಜಾಗಕ್ಕೇ ಪೆಟ್ಟಾಗಿ ಧ್ವನಿ ಹಾಳಾಗಬಹುದು. ಸೋಂಕು, ರಕ್ತ ಹೆಪ್ಪುಗಟ್ಟುವುದು, ಅರಿವಳಿಕೆಯ ಅಪಾಯ ಎಲ್ಲ ದೊಡ್ಡ ಆಪರೇಷನ್‌ಗೂ ಇರುವಂತೆ ಇಲ್ಲೂ ಇದೆ.

ನನಗೆ ಆಪರೇಷನ್ ಆದ ಮೇಲೆ ಮೊದಲ ಕೆಲವು ದಿನ ಕಣ್ಣು ಬಿಡಲು ಆಗಲಿಲ್ಲ, ಅಷ್ಟು ಊತ. ಸೈನಸ್ ಹತ್ತಿರ ಮೂಳೆ ಮುಟ್ಟಿರುವುದರಿಂದ ಮೂಗು ಸೀಟುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ನೆತ್ತಿ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇತ್ತು. ನರಗಳಿಗೆ ಜೀವ ಬರುವಾಗ ತುರಿಕೆ, ಕೆರೆದರೂ ಏನೂ ಗೊತ್ತಾಗದ ತುರಿಕೆ. ಸುಮಾರು ಒಂದು ತಿಂಗಳು ಆಫೀಸಿಗೆ ಹೋಗಲಿಲ್ಲ. ಕೊನೆಯ ಆಕಾರ ಕಾಣಲು ವರ್ಷ ಬೇಕು ಅಂತ ಡಾಕ್ಟರ್ ಹೇಳಿದ್ದರು, ಹಾಗೇ ಆಯಿತು. ಮೊದಲ ದಿನಗಳಲ್ಲಿ ಗಂಜಿ ಮಾಡಿಕೊಡಲು, ತಲೆ ಹಿಡಿದು ಕೂರಿಸಲು ಒಬ್ಬರು ಬೇಕೇ ಬೇಕು. ನನ್ನ ಪುಣ್ಯಕ್ಕೆ ಅಮ್ಮ ಬಂದಿದ್ದರು. ಮುಂಚೆ ಅಮ್ಮನಿಗೆ ಇದೆಲ್ಲ ಒಪ್ಪಿಗೆ ಇರಲಿಲ್ಲ. ಕೊನೆಗೆ ಒಂದೇ ಮಾತು ಹೇಳಿದ್ದರು: "ಏನಾದರೂ ಮಾಡಿಸಿಕೋ, ಮೂಗು ಮಾತ್ರ ಮುಟ್ಟಿಸಬೇಡ ಕಣೆ. ಅದು ನಮ್ಮಪ್ಪನ ಮೂಗು." ನಾನು ಮುಟ್ಟಿಸಲಿಲ್ಲ. ಮುಟ್ಟಿಸುವ ಆಸೆಯೂ ನನಗಿರಲಿಲ್ಲ, ಆ ಮೂಗು ನನಗೂ ಇಷ್ಟ.

ಈಗ ಏನು ಬದಲಾಗಿದೆ ಅಂತ ಕೇಳಿದರೆ, ತರಕಾರಿ ಅಂಗಡಿಯವನು ತಲೆ ಎತ್ತದೆ "ಏನು ಬೇಕಮ್ಮ" ಅನ್ನುತ್ತಾನೆ, ತಲೆ ಎತ್ತಿದ ಮೇಲೂ ಹಾಗೇ ಅನ್ನುತ್ತಾನೆ. ಅಷ್ಟೇನೇ. ಇಷ್ಟಕ್ಕೆ ಅಷ್ಟು ಲಕ್ಷವಾ ಅನಿಸಬಹುದು. ಇದು ದಿನಕ್ಕೆ ಎಷ್ಟು ಸಲ ನಡೆಯುತ್ತದೆ ಅಂತ ಒಮ್ಮೆ ಯೋಚಿಸಿ. ಅಂಗಡಿ, ಆಟೋ, ಬ್ಯಾಂಕ್, ಲಿಫ್ಟ್, ದೇವಸ್ಥಾನದ ಸಾಲು. ಪ್ರತಿ ಸಲ ಎದೆ ಬಿಗಿ ಹಿಡಿದು ಹೋಗುತ್ತಿದ್ದವಳು ಈಗ ಸುಮ್ನೆ ಹೋಗಿ ಬರುತ್ತೇನೆ. ಕನ್ನಡಿ ಮುಂದೆ ನಿಂತಾಗ ಮುಂಚೆ ಹಣೆಗೆ ಕೂದಲು ಎಳೆದುಕೊಳ್ಳುವುದೇ ಅರ್ಧ ಗಂಟೆ ಆಗುತ್ತಿತ್ತು, ಆ ಹೊತ್ತು ಈಗ ನಿದ್ದೆಗೆ ಸಿಗುತ್ತದೆ. ಇದು ನನ್ನ ಪಾಲಿಗೆ ದೊಡ್ಡದು, ಮತ್ತು ಯಾರಾದರೂ ಇದನ್ನು ಶೋಕಿ ಅಂದರೆ ನಾನು ಒಪ್ಪುವುದಿಲ್ಲ.

ನನ್ನೊಬ್ಬಳ ಮಾತು ಯಾಕೆ, ಅಧ್ಯಯನಗಳೂ ಇವೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ 247 ಟ್ರಾನ್ಸ್ ಮಹಿಳೆಯರನ್ನು ಕೇಳಿ ನೋಡಿತ್ತು. ಯಾವ ಸರ್ಜರಿಯೂ ಆಗದವರ ಮಾನಸಿಕ ಆರೋಗ್ಯದ ಅಂಕ ಅಲ್ಲಿನ ಸಾಮಾನ್ಯ ಮಹಿಳೆಯರಿಗಿಂತ ಕಡಿಮೆ ಇತ್ತು. ಮುಖದ ಸರ್ಜರಿ ಆದವರ ಅಂಕ ಸಾಮಾನ್ಯ ಮಹಿಳೆಯರ ಮಟ್ಟದಲ್ಲೇ ಇತ್ತು. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆ ಬೇರೆ ಕೇಂದ್ರಗಳ 66 ಜನರನ್ನು ಆಪರೇಷನ್‌ಗೆ ಮುಂಚೆ ಮತ್ತು ಆದ ಮೇಲೆ ನೋಡಿ, ಅವರ ಬದುಕು ಚೆನ್ನಾಗಿ ಸುಧಾರಿಸಿದೆ ಅಂದಿತು. ಆದರೆ ಇದನ್ನೇ ಹಿಡಿದು ಕುಣಿಯಬಾರದು ಅಂತ ನನ್ನ ಅಭಿಪ್ರಾಯ. ಲಕ್ಷಗಟ್ಟಲೆ ಖರ್ಚು ಮಾಡುವ ಶಕ್ತಿ ಇದ್ದವರಿಗೆ ಮನೆ, ಕೆಲಸ, ಸ್ನೇಹಿತರು ಮೊದಲೇ ಸ್ವಲ್ಪ ಚೆನ್ನಾಗಿರುವ ಸಾಧ್ಯತೆ ಇದೆ ಅಲ್ವಾ? ಅವರ ಮನಸ್ಸು ನೆಟ್ಟಗಿರುವುದಕ್ಕೆ ಮೂಳೆಯೊಂದೇ ಕಾರಣ ಅನ್ನಲಾಗದು. 66 ಅನ್ನುವುದೂ ಸಣ್ಣ ಸಂಖ್ಯೆ. ಸರ್ಜರಿ ಮಾಡುವವರೇ ಅಳೆದು ಹೇಳಿದ್ದನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು.

ಈಗ ಫೋನ್ ಮಾಡುವ ತಂಗಿಯರಿಗೆ ನಾಲ್ಕು ಮಾತು. ಮುಖ ಅಂದ ತಕ್ಷಣ ಮೂಳೆಗೆ ಹೋಗಬೇಡಿ. ಮೊದಲು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ಡಾಕ್ಟರ್ ಹತ್ತಿರ ಹೋಗಿ, ರಕ್ತ ಪರೀಕ್ಷೆ ಮಾಡಿಸಿ, ಸರಿಯಾದ ಪ್ರಮಾಣದ ಹಾರ್ಮೋನ್ ತೆಗೆದುಕೊಂಡು ಒಂದೆರಡು ವರ್ಷ ನೋಡಿ. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ಹಿಡಿ ಹಿಡಿ ನುಂಗುವುದು ಬೇಡ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಬರುತ್ತದೆ. ಚಿಮಟದಲ್ಲಿ ಕಿತ್ತು ಕಿತ್ತು ಗಲ್ಲದಲ್ಲಿ ಕಪ್ಪು ಕಲೆ, ಗುಳ್ಳೆ ಮಾಡಿಕೊಂಡವರು ನಮ್ಮಲ್ಲಿ ಎಷ್ಟು ಜನ! ಗಡ್ಡಕ್ಕೆ ಲೇಸರ್ ಮಾಡಿಸಿ, ನಮ್ಮ ಕಪ್ಪು ಕೂದಲಿಗೆ ಅದು ಚೆನ್ನಾಗಿ ಹತ್ತುತ್ತದೆ. ನಮ್ಮ ಬಣ್ಣದ ಚರ್ಮ ಸುಡಬಾರದು ಅಂದರೆ ಎನ್‌ಡಿ ಯಾಗ್ ಅನ್ನುವ ಲೇಸರ್ ಯಂತ್ರ ಇದೆಯಾ ಅಂತ ಕೇಳಿ. ಬಿಳಿ ಕೂದಲಿಗೆ ಲೇಸರ್ ಕೆಲಸ ಮಾಡುವುದಿಲ್ಲ, ಅದಕ್ಕೆ ಒಂದೊಂದೇ ಕೂದಲ ಬೇರನ್ನು ಕರೆಂಟಿನಿಂದ ಸುಡುವ ಎಲೆಕ್ಟ್ರಾಲಿಸಿಸ್ ಬೇಕು. ಧ್ವನಿಯಂತೂ ಮುಖಕ್ಕಿಂತ ಮುಂಚೆ. ಯಾವ ಮುಖದ ಸರ್ಜರಿಯೂ ಧ್ವನಿಯನ್ನು ಹೆಣ್ಣಿನ ಧ್ವನಿ ಮಾಡುವುದಿಲ್ಲ, ಗಂಟಲಿನ ಗಂಟು ತೆಗೆಸಿದರೂ ಇಲ್ಲ. ನಮ್ಮ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಧ್ವನಿ ತರಬೇತಿ ಅಲ್ಲಿಯವರ ಕಸುಬೇ. ಇಷ್ಟೆಲ್ಲ ಆದ ಮೇಲೆ ಬಹಳ ಜನಕ್ಕೆ ಸರ್ಜರಿ ಬೇಕು ಅಂತಲೇ ಅನಿಸುವುದಿಲ್ಲ. ಆಗಲೂ ಹಣೆಯೋ ದವಡೆಯೋ ಕಾಡುತ್ತಿದ್ದರೆ ಅದೊಂದಕ್ಕೆ ಮಾತ್ರ ಮಾಡಿಸಿ. ಒಂದೇ ಸಲಕ್ಕೆ ತಲೆಯಿಂದ ಗಂಟಲವರೆಗೆ ಎಲ್ಲದರ ಪ್ಯಾಕೇಜ್ ಮಾರುವವರ ಹತ್ತಿರ ಹುಷಾರಾಗಿರಿ. ಕೆನ್ನೆ ತುಂಬಿಸುತ್ತೇವೆ ಅಂತ ರೂಮಿನಲ್ಲಿ ಕೂರಿಸಿ ಸಿಲಿಕೋನ್ ಎಣ್ಣೆ ಚುಚ್ಚುವವರ ಹತ್ತಿರ ಹೋಗಲೇಬೇಡಿ. ಅದು ಒಳಗೆ ಜಾರಿ ಗಂಟು ಕಟ್ಟುತ್ತದೆ, ವರ್ಷಗಳ ಮೇಲೂ ಕೀವಾಗುತ್ತದೆ, ತೆಗೆಯುವುದು ಬಹಳ ಕಷ್ಟ.

ಡಾಕ್ಟರ್ ಹತ್ತಿರ ಪ್ರಶ್ನೆ ಕೇಳಲು ನಾಚಿಕೆ ಬೇಡ. ನೀವು ಪ್ಲಾಸ್ಟಿಕ್ ಸರ್ಜನ್ನಾ, ಮ್ಯಾಕ್ಸಿಲೋಫೇಶಿಯಲ್ (ದವಡೆ, ಮುಖದ ಮೂಳೆಯ) ಸರ್ಜನ್ನಾ? ಹಣೆಯ ಸೈನಸ್ ಗೋಡೆ ಹಿಂದೆ ಸರಿಸುವ ಕೆಲಸ ನೀವೇ ಎಷ್ಟು ಮಾಡಿದ್ದೀರಿ? ನನ್ನ ಸ್ಕ್ಯಾನ್‌ನಲ್ಲಿ ಗೋಡೆ ಎಷ್ಟು ದಪ್ಪ ಇದೆ? ಏನಾದರೂ ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಲಿ, ಮತ್ತೆ ಆಪರೇಷನ್ ಬೇಕಾದರೆ ಖರ್ಚು ಯಾರದು? ಉತ್ತರ ಕೊಡಲು ಮುಖ ಸಿಂಡರಿಸಿದರೆ ಎದ್ದು ಬನ್ನಿ. ಕೇರಳದ ರೇಡಿಯೋ ಜಾಕಿ ಅನನ್ಯಾ ಕುಮಾರಿ ಅಲೆಕ್ಸ್ 2021ರ ಜುಲೈನಲ್ಲಿ ತೀರಿಕೊಂಡರು. ಅವರದು ಮುಖದ ಸರ್ಜರಿಯಲ್ಲ, ಲಿಂಗ ಪರಿವರ್ತನೆಯ ಸರ್ಜರಿ. ಅದು ಸರಿಯಾಗಿ ಆಗಲಿಲ್ಲ, ವರ್ಷ ಕಳೆದರೂ ನೋವು ಹೋಗಿಲ್ಲ, ಹೆಚ್ಚು ಹೊತ್ತು ನಿಂತು ಕೆಲಸ ಮಾಡಲೂ ಆಗುತ್ತಿಲ್ಲ ಅಂತ ಅವರು ಬದುಕಿದ್ದಾಗಲೇ ಬಹಿರಂಗವಾಗಿ ಹೇಳಿಕೊಂಡಿದ್ದರು. ಆಪರೇಷನ್ ಆದ ಮೇಲಿನ ಆರೈಕೆ ಅನ್ನುವುದು ಎಷ್ಟು ಮುಖ್ಯ ಅಂತ ನಮಗೆಲ್ಲ ಆಗ ಎದೆಗೆ ತಾಕಿತು.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮೊಳಗೇ ಈಗ ಒಂದು ಒತ್ತಡ ಶುರುವಾಗಿದೆ. ಇನ್‌ಸ್ಟಾಗ್ರಾಂನಲ್ಲಿ ಥಾಯ್ಲೆಂಡಿಗೆ ಹೋಗಿ ಬಂದವರ ಮುಂಚೆ-ಆಮೇಲೆ ಫೋಟೋ ನೋಡಿ, ಅಂಥ ಮುಖ ಇಲ್ಲದಿದ್ದರೆ ಹೆಣ್ಣೇ ಅಲ್ಲ ಅಂತ ಹುಡುಗಿಯರು ಅಂದುಕೊಳ್ಳುತ್ತಿದ್ದಾರೆ. ಆ ಚೂಪು ಗಲ್ಲ, ಆ ಸಣ್ಣ ಮೂಗು ಯಾವ ದೇಶದ ಅಳತೆ? ನಮ್ಮ ಊರಿನ ಸಂತೆಗೆ ಹೋಗಿ ನೋಡಿ. ಅಗಲ ದವಡೆ, ದಪ್ಪ ಹುಬ್ಬು, ಎತ್ತರದ ಮೈಕಟ್ಟು ಇರುವ ಹೆಂಗಸರು ಎಷ್ಟು ಜನ ತೆಂಗಿನಕಾಯಿ ರಾಶಿ ಹಾಕಿಕೊಂಡು ಕೂತಿರುತ್ತಾರೆ, ಅವರನ್ನು ಯಾರೂ ಹೆಣ್ಣಲ್ಲ ಅನ್ನುವುದಿಲ್ಲ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿ ಮುಖಕ್ಕೆ ಏನೂ ಮಾಡಿಸಿಲ್ಲ, ಮಾಡಿಸುವ ಯೋಚನೆಯೂ ಇಲ್ಲ. ನನಗಿಂತ ಧೈರ್ಯವಾಗಿ, ನನಗಿಂತ ನಗುನಗುತ್ತಾ ಇದ್ದಾಳೆ. ನಮ್ಮವರೇ ಆದ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರ ಪದ್ಮಶ್ರೀ ತಂದರು. ನಾಡು ಅವರಿಗೆ ಕೈ ಮುಗಿದದ್ದು ಅವರ ಕುಣಿತಕ್ಕೆ, ಹಾಡಿಗೆ, ಅವರು ಪಟ್ಟ ಪಾಡಿಗೆ. 2014ರಲ್ಲಿ ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಹಾಕಿದ ಕೇಸಿನ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿತು, ಒಬ್ಬರ ಲಿಂಗತ್ವ ಒಪ್ಪಲು ಸರ್ಜರಿ ಮಾಡಿಸಿಕೊಂಡು ಬಾ ಅನ್ನುವುದು ಕಾನೂನಿಗೆ ವಿರುದ್ಧ ಅಂತ. ಕೋರ್ಟು ಕೇಳಬಾರದು ಅಂದದ್ದನ್ನು ನಾವು ನಾವೇ ಒಬ್ಬರನ್ನೊಬ್ಬರು ಕೇಳಬಾರದು.

ಹಾಗಾದರೆ ಸರ್ಕಾರ ಯಾಕೆ ದುಡ್ಡು ಕೊಡಬೇಕು? ಪತ್ರ ಬರೆದವರ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಇದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಸರ್ಜರಿ, ಹಾರ್ಮೋನ್, ಲೇಸರ್ ಚಿಕಿತ್ಸೆಗೆ ವಿಮೆ ಒದಗಿಸಬೇಕು ಅಂತ ಬರೆದಿದ್ದಾರೆ. ಹೌದು, ಲೇಸರ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಅದೇ ಸೆಕ್ಷನ್‌ನಲ್ಲಿ, ಸರ್ಜರಿಯ ಕೈಪಿಡಿಯನ್ನು ಡಬ್ಲ್ಯುಪಾತ್ ಅನ್ನುವ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆಯ ಮಾರ್ಗಸೂಚಿಯಂತೆ ತರಬೇಕು ಅಂತಲೂ ಇದೆ. ಆ ಸಂಸ್ಥೆ 2022ರಲ್ಲಿ ತಂದ ಎಂಟನೇ ಮಾರ್ಗಸೂಚಿ ಮುಖದ ಸರ್ಜರಿಯನ್ನೂ ವೈದ್ಯಕೀಯವಾಗಿ ಅಗತ್ಯವಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಸೇರಿಸಿದೆ. ಇನ್ನೊಂದು ಕಡೆ ನೋಡಿದರೆ, ನಮ್ಮ ದೇಶದ ಆರೋಗ್ಯ ವಿಮೆ ಪಾಲಿಸಿಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಒಪ್ಪಿದ ಹೊರಗಿಡುವ ಪಟ್ಟಿ ಇದೆ. ಅದರಲ್ಲಿ 7ನೇ ಕೋಡ್ ಲಿಂಗ ಬದಲಾವಣೆಯ ಚಿಕಿತ್ಸೆ, 8ನೇ ಕೋಡ್ ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿ. ನನ್ನ ಅರ್ಜಿ ತಿರುಗಿ ಬಂದದ್ದು ಹೀಗೇ. ಕಾಯ್ದೆ ಕೊಡು ಅನ್ನುತ್ತದೆ, ಪಾಲಿಸಿ ಕೊಡುವುದಿಲ್ಲ ಅನ್ನುತ್ತದೆ. ಆಮೇಲೆ ಉಳಿಯುವುದು ಚೀಟಿ ದುಡ್ಡು, ಒಡವೆ, ಬಡ್ಡಿಯವರು. ಬಡ್ಡಿ ಕಟ್ಟಲು ರಾತ್ರಿ ರಸ್ತೆಗೆ ಇಳಿದವರನ್ನು ನಾನು ಬಲ್ಲೆ. ಸುರಕ್ಷಿತವಾಗಿ ಬದುಕಲು ಮಾಡಿಸಿಕೊಂಡ ಸರ್ಜರಿ ಅವರನ್ನು ಅತಿ ಅಪಾಯದ ಜಾಗಕ್ಕೆ ತಂದು ನಿಲ್ಲಿಸಿತು.

ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಟ್ರಾನ್ಸ್‌ಜೆಂಡರ್ ಜನರಿಗಾಗಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅನ್ನುವ ಯೋಜನೆ ಘೋಷಿಸಿತು, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅಂತ. ಅದರಲ್ಲಿ ಗಡ್ಡದ ಲೇಸರ್, ಹಣೆ ಮತ್ತು ದವಡೆಯ ಮೂಳೆ ಸರ್ಜರಿ, ಗಂಟಲಿನ ಗಂಟು, ಧ್ವನಿ ತರಬೇತಿ ಇವಿಷ್ಟನ್ನೂ ಹೆಸರು ಹಿಡಿದು ಬರೆಯಬೇಕು, ನಮ್ಮ ರಾಜ್ಯದಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವುದನ್ನು ಜಿಲ್ಲೆವಾರು ಹಾಕಬೇಕು. ಮಾಡುವ ಕೈಗಳು ನಮ್ಮಲ್ಲಿ ಇಲ್ಲ ಅಂತಲ್ಲ. ಬೈಕ್ ಅಪಘಾತದಲ್ಲಿ ಒಡೆದ ದವಡೆ, ಹಣೆಯನ್ನು ಅದೇ ಟೈಟಾನಿಯಂ ಪ್ಲೇಟು ಹಾಕಿ ಜೋಡಿಸುವ ಮ್ಯಾಕ್ಸಿಲೋಫೇಶಿಯಲ್ ಸರ್ಜನ್‌ಗಳು ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಇದ್ದಾರೆ. ಧಾರವಾಡದ ಎಸ್‌ಡಿಎಂ ದಂತ ಕಾಲೇಜು ಸೀಳುತುಟಿ, ಮುಖದ ಮೂಳೆಯ ಸರ್ಜರಿಗೆ ಹೆಸರಾದದ್ದು. ಇಂಥ ಕಡೆಯ ಒಂದೆರಡು ತಂಡಗಳಿಗೆ ಈ ಕೆಲಸದಲ್ಲಿ ವಿಶೇಷ ತರಬೇತಿ ಕೊಡಿಸಿ, ಅಲ್ಲೇ ಒಬ್ಬ ಮನಶ್ಶಾಸ್ತ್ರಜ್ಞರನ್ನೂ ಕೂರಿಸಿದರೆ ನಮ್ಮವರು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆಯುವುದು ತಪ್ಪುತ್ತದೆ. ಎಲ್ಲರೂ ಸಾಲು ನಿಲ್ಲುತ್ತಾರೆ, ಖಜಾನೆ ಖಾಲಿಯಾಗುತ್ತದೆ ಅನ್ನುವ ಭಯ ಬೇಡ. ತಲೆಯ ಚರ್ಮ ಸೀಳಿಸಿಕೊಂಡು ವಾರಗಟ್ಟಲೆ ಮಲಗಲು ಶೋಕಿಗೆ ಯಾರೂ ಬರುವುದಿಲ್ಲ.

ಆರೋಗ್ಯ ಇಲಾಖೆಯವರು, ವಿಮಾ ಪ್ರಾಧಿಕಾರದವರು ನಿಮ್ಮ ಪತ್ರಿಕೆ ಓದುತ್ತಾರೆ ಅಂತ ನಂಬಿದ್ದೇನೆ. 7ನೇ ಕೋಡ್ ಈ ಕಾಯ್ದೆಯ ಜೊತೆ ಹೇಗೆ ಹೊಂದುತ್ತದೆ ಅಂತ ಅವರು ಉತ್ತರ ಕೊಡಲಿ. ನಿಮ್ಮ ವರದಿಗಾರರೂ ಇದನ್ನು ಕೇಳಿ ಬರೆಯಲಿ ಅಂತ ವಿನಂತಿ. ನನ್ನ ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ, ದಯವಿಟ್ಟು ಪ್ರಕಟಿಸಬೇಡಿ.

ಇತಿ,
ಓದುಗರಲ್ಲಿ ಒಬ್ಬಳು, ಬೆಂಗಳೂರು